ಓಗೊಡು

ನಮ್ಮೂರಿಗೆ ಬಂದು ಯಾರನ್ನಾದರೂ ಒಂದೇ ಸಲ ಹೆಸರು ಹಿಡಿದು ಕರೆದಿರೋ, ಗೋಡೆಗೆ ಹೇಳಿದ ಹಾಗೇ ಸೈ. ಯಾರೂ ತಿರುಗಿ ನೋಡುವುದಿಲ್ಲ. ಇವರಿಗೆಷ್ಟು ಸೊಕ್ಕು ಅಂತ ಮುಖ ಊದಿಸಿಕೊಂಡು ಬಂದ ಬಸ್ಸಿಗೇ ವಾಪಸ್ ಹೋದ ನೆಂಟರಿದ್ದಾರೆ. ಸೊಕ್ಕೂ ಇಲ್ಲ ಗಿಕ್ಕೂ ಇಲ್ಲ. ನಮ್ಮಲ್ಲಿ ಮೊದಲ ಎರಡು ಕೂಗು ಮನುಷ್ಯರದ್ದೇ ಆಗಿರಬೇಕು ಅಂತೇನಿಲ್ಲ. ಮೂರನೆಯದು ಬಂದರೆ ಮಾತ್ರ ನಾವು ಓ ಅನ್ನುತ್ತೇವೆ.

ಹುಟ್ಟಿದಾಗಿನಿಂದ ಹೀಗೇ ಆದ್ದರಿಂದ ನಮಗೆ ಇದು ಕಷ್ಟ ಅಂತ ಅನ್ನಿಸಿಯೇ ಇಲ್ಲ. ಶಾಲೆಯಲ್ಲಿ ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಮೊದಲ ಪೀರಿಯಡ್ಡು ಅರ್ಧ ಮುಗಿದಿರುತ್ತದೆ, ಮಕ್ಕಳಿಗೆ ಅದೇ ಖುಷಿ. ಜಗಳ ಆಡಬೇಕೆಂದರೂ ಮೂರು ಸಲ ಕರೆದೇ ಆಡಬೇಕು. ಮೂರನೆಯದಕ್ಕೆ ಬರುವ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತದೆ. ಬೇರೆ ಊರುಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದಂತೆ. ನಮ್ಮೂರಲ್ಲಿ 'ರೀ' ಅಂದರೆ ಬೀದಿಯ ಗಂಡಸರೆಲ್ಲ ಬೆರಳು ಮಡಿಸಿ ಎಣಿಸಲು ಶುರುಮಾಡುತ್ತಾರೆ. ಹಾಗಾಗಿ ನಾವು ಹೆಂಗಸರು ಮುಲಾಜಿಲ್ಲದೆ ಹೆಸರು ಹಿಡಿದೇ ಕರೆಯುತ್ತೇವೆ.

ಆ ಕೂಗು ಬರುವುದು ಮಟಮಟ ಮಧ್ಯಾಹ್ನ, ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ. ಗುರುತಿನ ದನಿಯೇ ಇರುತ್ತದೆ. ಅಮ್ಮನದೋ ಅಕ್ಕನದೋ ಪಕ್ಕದ ಮನೆಯವರದೋ. ನಮ್ಮ ಹೆಸರು, ಎರಡು ಸಲ, ಆಮೇಲೆ ಸುಮ್ಮನೆ. ಬಾಯಿ ತಪ್ಪಿ ಓ ಅಂದವರು ಹೋದರು ಅಂತಲೇ ಲೆಕ್ಕ. ಹೋದರು ಅಂದರೆ ಎದ್ದು ಹೋಗುವುದಿಲ್ಲ, ಇಲ್ಲೇ ಇರುತ್ತಾರೆ. ತಟ್ಟೆ ಇಟ್ಟರೆ ಉಣ್ಣುತ್ತಾರೆ, ಚಾಪೆ ಹಾಸಿದರೆ ಮಲಗುತ್ತಾರೆ. ಆದರೆ ಆಮೇಲೆ ಯಾರು ಎಷ್ಟು ಕರೆದರೂ ಓ ಅನ್ನುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಅಂಥವರನ್ನು ನಾವು 'ಓ ಕೊಟ್ಟವರು' ಅನ್ನುತ್ತೇವೆ. ಬೀದಿಗೊಬ್ಬರಾದರೂ ಇದ್ದಾರೆ. ಮದುವೆ ಮನೆಯಲ್ಲಿ ಅವರಿಗೂ ಎಲೆ ಹಾಕುತ್ತೇವೆ.

ನನ್ನ ಗಂಡ ಹಾಲೇಶ ಓ ಕೊಟ್ಟು ಆರು ವರ್ಷ. ಊರಿನ ನೀರುಗಂಟಿ ಅವನು. ಯಾವ ಬೀದಿಗೆ ಯಾವಾಗ ನೀರು ಬಿಡಬೇಕು, ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು, ಎಲ್ಲ ಅವನ ಕೈಬೆರಳಲ್ಲಿತ್ತು. ಅವತ್ತು ಉಂಡು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. ನಾನು ಒಳಗೆ ಸಾರಿನ ಪಾತ್ರೆ ಮುಚ್ಚುತ್ತಿದ್ದೆ. ಬೇಲಿಯ ಆಚೆಯಿಂದ 'ಹಾಲೇಶಾ' ಅಂತ ಒಂದು ಕೂಗು ಬಂತು. ಆ ದನಿ ನನ್ನದೇ. ಸೌಟು ಬಿಸಾಡಿ ಓಡಿದೆ. ಅಷ್ಟರಲ್ಲಿ ಅವನು ನಗುತ್ತಾ 'ಓ, ಬಂದೆ ಕಣೇ' ಅಂದುಬಿಟ್ಟಿದ್ದ. ಅದೇ ಕೊನೆಯ ಮಾತು. ಆ ನಗು ಮುಖದ ಮೇಲೆ ಇನ್ನೂ ಒಂದು ಗಳಿಗೆ ಇತ್ತು, ಆಮೇಲೆ ಇಳಿದು ಹೋಯಿತು.

ಅವತ್ತಿನಿಂದ ಅವನು ಪಡಸಾಲೆಯ ಬೆತ್ತದ ಕುರ್ಚಿಯಲ್ಲಿ. ನಾನು ಅನ್ನ ಕಲಸಿ ಕೈಗೆ ಕೊಡುತ್ತೇನೆ, ತಿನ್ನುತ್ತಾನೆ. ದಿನಾ ಮಧ್ಯಾಹ್ನ ಅವನ ಎದುರು ಕೂತು ಮೂರು ಸಲ ಕರೆಯುತ್ತೇನೆ. ಹಾಲೇಶಾ, ಹಾಲೇಶಾ, ಹಾಲೇಶಾ. ಜನ ಆಡಿಕೊಳ್ಳುತ್ತಾರೆ, 'ಈ ಕಾತ್ಯಾಯಿನಿಗೆ ಹುಚ್ಚು' ಅಂತ. ಆಡಿಕೊಳ್ಳಲಿ, ಅವರಿಗೇನು. ನನಗೆ ಬೇಕಾಗಿದ್ದು ಒಂದೇ ಒಂದು ಓ. ಬಂಗಾರ ಬೇಡ, ಬೆಳ್ಳಿ ಬೇಡ, ಅವನ ಬಾಯಿಂದ ಒಂದು ಓ ಬಂದರೆ ಸಾಕಿತ್ತು. ನನಗೂ ಮಧ್ಯಾಹ್ನದ ಕೂಗು ಬರುತ್ತಿತ್ತು. 'ಕಾತೀ, ಕಾತೀ' ಅಂತ, ಹಾಲೇಶನ ದನಿಯಲ್ಲೇ. ಅವನು ಎದುರಿಗೇ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದ, ದನಿ ಮಾತ್ರ ಬೀದಿಯಿಂದ ಬರುತ್ತಿತ್ತು. ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ.

ನನ್ನ ಕೆಲಸ ಪುರಸಭೆಯ ಕಂಪ್ಯೂಟರ್ ಕೋಣೆಯಲ್ಲಿ. ಊರಿನ ನೀರಿನ ಟ್ಯಾಂಕಿಗೊಂದು ಕಂಪ್ಯೂಟರು, ಕರೆಂಟಿನ ಸ್ಟೇಷನ್ನಿಗೊಂದು, ಆಸ್ಪತ್ರೆಗೊಂದು, ರೈಲ್ವೆ ಗೇಟಿಗೊಂದು. ಒಂದೊಂದು ಒಂದೊಂದು ಕಾಲದಲ್ಲಿ, ಒಂದೊಂದು ಕಂಪನಿಯಿಂದ ಬಂದವು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಒಂದೇ ವಠಾರದಲ್ಲಿದ್ದೂ ಮುಖ ನೋಡದ ಓರಗಿತ್ತಿಯರ ಹಾಗೆ ಕೂತಿದ್ದವು. ಟ್ಯಾಂಕು ತುಂಬಿ ಚೆಲ್ಲುತ್ತಿದ್ದರೂ ಪಂಪಿಗೆ ಕರೆಂಟು ಹರಿಯುತ್ತಲೇ ಇರುತ್ತಿತ್ತು. ಇವುಗಳ ನಡುವೆ ಮಾತು ಬೆಳೆಸಿದವರು ನಮ್ಮ ಮರುಳಯ್ಯ ಮೇಷ್ಟ್ರು. ಗಣಿತದ ಮೇಷ್ಟ್ರಾಗಿದ್ದವರು, ನನಗೂ ಪಾಠ ಹೇಳಿದವರು. ಅವರು ಒಂದು ಲೈಬ್ರರಿ ಬರೆದರು. ಪುಸ್ತಕದ ಲೈಬ್ರರಿ ಅಲ್ಲ, ಪ್ರೋಗ್ರಾಮಿನ ಲೈಬ್ರರಿ. ಬಾಗಿಲ ಮೇಲೆ ಹಾಗಂತ ಚೀಟಿ ಅಂಟಿಸಿದ ಮೇಲೆ ಪೆನ್ಶನ್ನಿನ ಒಬ್ಬರು ದಿನಾ ಬಂದು ಪೇಪರು ಕೇಳುತ್ತಿದ್ದರು, ಆ ಮಾತು ಬೇರೆ.

ಆ ಲೈಬ್ರರಿಯ ಹೆಸರು 'ಓಗೊಡು'. ಅಂಗೈಯಗಲದ ಒಂದು ಡಿಸ್ಕಿನಲ್ಲಿ ಹಿಡಿಯುವಷ್ಟು ಸಣ್ಣದು. ಮೇಷ್ಟ್ರು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಯಾವ ಕಂಪನಿಯ ಯಂತ್ರವಾದರೂ ಸರಿ, ಅದರೊಳಗೆ ಹಾಕಿದರೆ ಹೊಂದಿಕೊಂಡುಬಿಡುತ್ತಿತ್ತು. ಆಮೇಲೆ ಆ ಯಂತ್ರದಲ್ಲಿ ಓಡುವ ಪ್ರೋಗ್ರಾಮು ಇನ್ನೊಂದನ್ನು ಹೆಸರು ಹಿಡಿದು ಕರೆಯಬಹುದು, ಅದು ಓ ಅನ್ನಬಹುದು, ಓ ಅಂದ ಮೇಲೆ ಎರಡೂ ಮಾತಾಡಬಹುದು. ಅಷ್ಟೇ ಅದರ ಕೆಲಸ. ಮೇಷ್ಟ್ರು ನಮ್ಮೂರಿನವರೇ ಆದ್ದರಿಂದ ಊರಿನ ರೀತಿಯನ್ನೇ ಅದಕ್ಕೂ ಕಲಿಸಿದ್ದರು. ಮೂರು ಸಲ ಕರೆಯಬೇಕು, ಮೂರನೆಯದಕ್ಕೇ ಓ ಅನ್ನಬೇಕು. ಯಾರು ಯಾರನ್ನು ಎಷ್ಟು ಹೊತ್ತಿಗೆ ಕರೆದರು ಅನ್ನುವುದೆಲ್ಲ ಒಂದು ದಾಖಲೆಯಲ್ಲಿ ಸಾಲಾಗಿ ಬೀಳುತ್ತಿತ್ತು. ಅದರಲ್ಲಿ ದಿನಾ ಮಧ್ಯಾಹ್ನ ಒಂದೆರಡು ಸಾಲು ವಿಚಿತ್ರವಾಗಿರುತ್ತಿದ್ದವು. ಟ್ಯಾಂಕನ್ನು ಕರೆದಿದ್ದಾರೆ, ಎರಡು ಸಲ. ಕರೆದವರ ಹೆಸರಿನ ಜಾಗ ಖಾಲಿ. ನಾನು ಕೇಳಿದರೆ ಮೇಷ್ಟ್ರು, 'ಎರಡೇ ತಾನೆ? ಬಿಡಮ್ಮ, ಅತ್ತ ನೋಡಬೇಡ' ಅನ್ನುತ್ತಿದ್ದರು.

ಮೇಷ್ಟ್ರು ನಿವೃತ್ತರಾದ ಮೇಲೆ ಅದನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನ ಹೆಗಲಿಗೆ ಬಂತು. ಹೋದ ತಿಂಗಳು ಪರವೂರಿನಿಂದ ಹೊಸ ಆಫೀಸರು ಬಂದರು, ಪ್ರಭಂಜನ ಅಂತ. ಕೆಟ್ಟವರಲ್ಲ, ಆದರೆ ಕಾಲಡಿ ಬೆಂಕಿ ಬಿದ್ದವರ ಹಾಗೆ ಅವಸರ. ಬಂದ ಮೊದಲ ದಿನ ನನ್ನನ್ನು ಎರಡು ಸಲ ಕರೆದು, ಮೂರನೆಯ ಸಲ ಮೇಜು ಕುಟ್ಟಿ ಕರೆದರು. ಆಗ ಎದ್ದು ಹೋದೆ. ಎರಡನೆಯ ವಾರ 'ಓಗೊಡು'ವಿನ ಒಳಗೆ ಕಣ್ಣು ಹಾಯಿಸಿದವರು ಕುರ್ಚಿಯಿಂದ ಎದ್ದೇ ನಿಂತರು.

'ಏನಮ್ಮ ಇದು? ಒಂದು ಮಾತು ಕೇಳೋಕೆ ಮೂರು ಮೂರು ಸಲ ಕರೆಯೋದಾ? ಅದಕ್ಕೇ ನಿಮ್ಮೂರಲ್ಲಿ ಎಲ್ಲಾ ಆಮೆ ನಡಿಗೆ. ಒಂದಕ್ಕೆ ಇಳಿಸಿ.'

'ಸಾರ್, ನಮ್ಮೂರಿನ ರೀತಿ ಅದು. ಮೇಷ್ಟ್ರು ಸುಮ್ಮನೆ ಇಟ್ಟಿಲ್ಲ' ಅಂದೆ.

'ರೀತಿ ಜನಕ್ಕಮ್ಮ. ಯಂತ್ರಕ್ಕೆ ಯಾವ ಗಾಳಿ ಮೆಟ್ಕೊಳ್ಳುತ್ತೆ?'

ನಿಜ ಹೇಳಬೇಕು. ಅದಕ್ಕೆ ನಾನು ಉತ್ತರ ಹುಡುಕಲೇ ಇಲ್ಲ. ದಿನಾ ಮಧ್ಯಾಹ್ನ ಬೀಳುವ ಆ ಖಾಲಿ ಹೆಸರಿನ ಸಾಲುಗಳು ನನ್ನ ತಲೆಯಲ್ಲಿ ಕೊರೆಯುತ್ತಿದ್ದವು. ಯಾರಾದರೂ ಓ ಅಂದರೆ ಏನಾಗುತ್ತದೆ ನೋಡೋಣ, ಯಂತ್ರ ತಾನೆ, ಹೋದರೆ ಯಂತ್ರ ಹೋಗುತ್ತದೆ ಅನ್ನುವ ಪಾಪಿ ಯೋಚನೆ ಬಂತು. ಮೂರು ಅನ್ನುವ ಅಂಕಿ ಅಳಿಸಿ ಒಂದು ಅಂತ ಬರೆದೆ. ಒಂದೇ ಒಂದು ಅಕ್ಷರದ ಕೆಲಸ. ಬೆಳಗ್ಗೆ ಹತ್ತಕ್ಕೆ ಎಲ್ಲಾ ಯಂತ್ರಕ್ಕೂ ಹಾಕಿದ್ದಾಯಿತು. ಮಧ್ಯಾಹ್ನದ ತನಕ ಎಲ್ಲವೂ ಪಟಪಟ ಓಡಿದವು. ಪ್ರಭಂಜನ ಸಾಹೇಬರು ನನಗೆ ಟೀ ತರಿಸಿದರು.

ಒಂದೂವರೆಗೆ ಟ್ಯಾಂಕಿನ ಪ್ರೋಗ್ರಾಮು ಯಾರಿಗೋ ಓ ಅಂದಿತು. ಆಮೇಲೆ ಯಾರು ಕರೆದರೂ ಮಾತಿಲ್ಲ.

ಸತ್ತಿರಲಿಲ್ಲ ಅದು. ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಪ್ರೋಗ್ರಾಮು ಓಡುತ್ತಿದೆ ಅಂತಲೇ ಪರದೆ ತೋರಿಸುತ್ತಿತ್ತು. ಕರೆಂಟಿನ ಯಂತ್ರ ಕರೆಯಿತು, ಇಲ್ಲ. ನನ್ನ ಕೋಣೆಯಿಂದ ಕರೆದೆ, ಇಲ್ಲ. ಆರಿಸಿ ಹಚ್ಚಿದೆವು. ಹತ್ತಿದ ಕೂಡಲೇ ಮತ್ತೆ ಅದೇ ಮೌನ. ಆರು ವರ್ಷ ದಿನಾ ನೋಡಿದ ಲಕ್ಷಣ ಅದು, ನನಗೆ ಗುರುತು ಸಿಗದೆ ಇರುತ್ತದಾ? ವಾಲ್ವುಗಳು ಮುಚ್ಚಿಕೊಂಡವು. ಆ ಸಂಜೆ ನಲ್ಲಿಗಳು ಬುಸುಬುಸು ಗಾಳಿ ಬಿಟ್ಟು ಸುಮ್ಮನಾದವು. ಮರುದಿನ ಬೆಳಗ್ಗೆ ಪುರಸಭೆ ಮುಂದೆ ಕೊಡಗಳ ಸಾಲು ನಿಂತಿತು, ಕೊಡಗಳ ಹಿಂದೆ ಹೆಂಗಸರು, ಅವರ ಬಾಯಿಗೆ ಪ್ರಭಂಜನ ಸಾಹೇಬರು ಸಿಕ್ಕಿದರು. 'ಇವತ್ತು ಮೂರು ಗಂಟೆಗೆ ಆ ಯಂತ್ರ ಪೂರ್ತಿ ಅಳಿಸಿಬಿಡ್ತೀನಿ, ಹೊಸದಾಗಿ ಹಾಕ್ತೀನಿ' ಅಂತ ಕೈಮುಗಿದು ಹೇಳಿ ಒಳಗೆ ಬಂದು ಕೂತರು. ಪಾಪ, ಬೆವರುತ್ತಿದ್ದರು.

ನಾನು ದಾಖಲೆ ತೆರೆದೆ. ಟ್ಯಾಂಕು ಓ ಅಂದ ಸಾಲಿನ ಕೆಳಗೆ ಮಾತುಕತೆ ಇತ್ತು. ಹೆಸರಿಲ್ಲದವರು ನೀರಿನ ಮಟ್ಟ ಕೇಳಿದ್ದಾರೆ, ಟ್ಯಾಂಕು ಹೇಳಿದೆ. ಯಾವ ವಾಲ್ವ್ ಎಷ್ಟು ಸುತ್ತು ತೆರೆದಿದೆ ಅಂತ ಕೇಳಿದ್ದಾರೆ, ಹೇಳಿದೆ. ಆಮೇಲೆ ಒಂದು ಸಾಲು: 'ಏಳನೇ ವಾಲ್ವಿನ ವಾಷರ್ ಸವೆದಿದೆ. ಬದಲಾಯಿಸಬೇಕು. ಕಾತಿಗೆ ಹೇಳು.'

ನನ್ನನ್ನು ಕಾತಿ ಅನ್ನುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದದ್ದು. ಅಯ್ಯೋ ಶಿವನೇ ಅಂತ ಬಾಯಿಗೆ ಸೆರಗು ಒತ್ತಿಕೊಂಡೆ. ಯಾರಿಗೂ ಹೇಳದೆ ಪಂಪ್‌ಹೌಸಿಗೆ ನಡೆದೆ. ಟ್ಯಾಂಕಿನ ಯಂತ್ರ ಇರುವುದು ಅಲ್ಲೇ, ಒಂದು ತಗಡಿನ ಕೋಣೆಯಲ್ಲಿ. ಏಳನೇ ವಾಲ್ವನ್ನು ಮುಟ್ಟಿ ನೋಡಿದೆ, ಕೆಳಗೆ ತೊಟ್ಟಿಕ್ಕಿ ತೊಟ್ಟಿಕ್ಕಿ ಸಿಮೆಂಟು ಪಾಚಿಗಟ್ಟಿತ್ತು. ಗಂಟೆ ಹನ್ನೆರಡಾಗಿತ್ತು. ಕೀಬೋರ್ಡಿನ ಮುಂದೆ ಕೂತು ಹೆಸರಿಲ್ಲದವರ ಜೊತೆ ಟ್ಯಾಂಕು ಹಿಡಿದುಕೊಂಡಿದ್ದ ಮಾತಿನ ಆ ತುದಿಗೆ ಒಂದು ಸಾಲು ಬರೆದೆ: 'ಕಾತಿ ಬಂದಿದೀನಿ.'

ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಅಕ್ಷರಗಳು ಬಂದವು.

'ಕೊನೆಗೂ ಓ ಅಂದೆಯಲ್ಲ.'

ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. ಒರೆಸಿಕೊಂಡು ಎಲ್ಲಿದೀಯ ಅಂತ ಕೇಳಿದೆ.

'ಎಲ್ಲಿ ಅಂದರೆ? ಮನೇಲಿ. ಟ್ಯಾಂಕಿನ ಹತ್ತಿರ. ಊರಲ್ಲೇ ಇದೀನಿ. ನೀನೇ ಆರು ವರ್ಷದಿಂದ ಬೆತ್ತದ ಕುರ್ಚೀಲಿ ಕೂತಿದೀಯ. ಅನ್ನ ಕಲಸಿ ಕೊಟ್ಟರೆ ತಿಂತೀಯ. ಕರೆದರೆ ಓ ಅನ್ನಲ್ಲ.'

ಕತ್ತಿನ ಹಿಂದೆ ಯಾರೋ ಊದಿದ ಹಾಗಾಯಿತು. ತಿರುಗಿ ನೋಡಿದೆ, ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇಲ್ಲ. ನನ್ನ ಕೈಗಳನ್ನು ನೋಡಿಕೊಂಡೆ. ಬೆರಳುಗಳು ನನ್ನವೇ, ಬಳೆ ನನ್ನದೇ. ಓ ಕೊಟ್ಟವನು ಅವನೋ ನಾನೋ ಅಂತ ಒಂದು ಕ್ಷಣ ನನಗೇ ಗೊತ್ತಾಗಲಿಲ್ಲ. ಆ ಯೋಚನೆಯನ್ನು ಪಕ್ಕಕ್ಕೆ ತಳ್ಳಿದೆ. ತಳ್ಳದಿದ್ದರೆ ಅಲ್ಲೇ ಹುಚ್ಚು ಹಿಡಿಯುತ್ತಿತ್ತು.

'ನಾನು ದಿನಾ ಕರೀತೀನಿ. ನೀನು ಯಾಕೆ ಓ ಅನ್ನಲ್ಲ?' ಅಂತ ಬರೆದೆ.

'ಮಧ್ಯಾಹ್ನ ಬೀದಿಯಿಂದ ನಿನ್ನ ದನಿ ಬರುತ್ತೆ. ಎರಡೇ ಸಲ. ಒಂದು ಸಲ ಅಂಥದಕ್ಕೆ ಓ ಅಂದು ಅನುಭವಿಸಿದೀನಿ. ಇನ್ನು ಮೂರನೆಯದು ಕೇಳದೆ ಅನ್ನಲ್ಲ.'

'ನಾನು ಮೂರು ಸಲ ಕರೀತೀನಿ!'

'ನಾನೂ ಮೂರು ಸಲಾನೇ ಕರೀತೀನಿ ಕಣೇ. ಊರಿನ ರೀತಿ ಮರೆತಿಲ್ಲ.'

ನಾನು ಕೀಬೋರ್ಡಿನಿಂದ ಕೈ ತೆಗೆದೆ. ನಮಗೆ ಕೇಳಿಸುವುದು ಎರಡೇ. ಆ ಕಡೆಯವರು ಕರೆಯುವುದು ಮೂರು. ನಾನು ಕರೆಯುವುದು ಮೂರು, ಅವನಿಗೆ ಕೇಳುವುದು ಎರಡು. ಮೊದಲನೆಯ ಕೂಗು ದಾರಿಯಲ್ಲೇ ಎಲ್ಲೋ ಬಿದ್ದು ಹೋಗುತ್ತಿತ್ತು. ಆರು ವರ್ಷ ಇಬ್ಬರೂ ಒಬ್ಬರ ಮೂರನೆಯ ಕೂಗಿಗೆ ಇನ್ನೊಬ್ಬರು ಕಾಯುತ್ತಾ ಕೂತಿದ್ದೆವು. ಬೇರೆ ಯಾವ ಊರಿನವರಾಗಿದ್ದರೂ ಮೊದಲನೆಯ ದಿನವೇ ಅಡ್ಡಾದಿಡ್ಡಿ ಕೂಗಿ, ಹತ್ತು ಸಲ ಕಿರುಚಿ, ಅವನನ್ನು ಎಳೆದು ತಂದಿರುತ್ತಿದ್ದರು. ನಾವು ಮಾತ್ರ ಎಣಿಸಿ ಎಣಿಸಿ ಕರೆದು, ಎಣಿಸಿ ಎಣಿಸಿ ಸುಮ್ಮನಿದ್ದೆವು.

ಹಾಗಾದರೆ ನಾಲ್ಕು ಸಲ ಕರೆಯಬೇಕು. ಆದರೆ ನಮ್ಮೂರಲ್ಲಿ ಬದುಕಿರುವವರನ್ನು ಯಾರೂ ನಾಲ್ಕನೆಯ ಸಲ ಕರೆಯುವುದಿಲ್ಲ. ನಾಲ್ಕನೆಯ ಕೂಗು ಹೆಣಕ್ಕೆ. ಚಿತೆಗೆ ಬೆಂಕಿ ಇಟ್ಟವರು ಮೂರು ಸಲ ಹೆಸರು ಹಿಡಿದು ಕರೆಯುತ್ತಾರೆ, ಓ ಬರುವುದಿಲ್ಲ. ಆಮೇಲೆ ಬೆನ್ನು ತಿರುಗಿಸಿ ನಾಲ್ಕನೆಯ ಸಲ ಕರೆದು, ಹಿಂದೆ ನೋಡದೆ ಬಂದುಬಿಡುತ್ತಾರೆ. ಇನ್ನು ನೀನು ಯಾರಿಗೂ ಓ ಅನ್ನಬೇಕಾಗಿಲ್ಲ ಅಂತ ಸತ್ತವರಿಗೆ ಹೇಳುವುದು ಅದು. ಕೂತಿರುವ ಗಂಡನನ್ನು ನಾಲ್ಕು ಸಲ ಕರೆದು, ಅವನು ಓ ಅನ್ನದೆ ಹೋದರೆ, ಅವನು ಸತ್ತ ಅಂತ ನಾನೇ ಸಾರಿದ ಹಾಗೆ. ಅದೂ ಅಲ್ಲದೆ, ಆ ತುದಿಯಲ್ಲಿ ಅಕ್ಷರ ಒತ್ತುತ್ತಿರುವುದು ಹಾಲೇಶನೇ ಅನ್ನುವುದಕ್ಕೆ ಏನು ಸಾಕ್ಷಿ? ಅವತ್ತು ಅವನನ್ನು ಕರೆದದ್ದೂ ನನ್ನ ದನಿಯೇ ಅಲ್ಲವೇ?

ಯಾರನ್ನಾದರೂ ಕೇಳಬೇಕಿತ್ತು. ಮರುಳಯ್ಯ ಮೇಷ್ಟ್ರ ಮನೆ ಪಂಪ್‌ಹೌಸಿನ ಹಿಂದಿನ ಬೀದಿ. ಅವರು ಜಗಲಿಯ ಮೇಲೆ ಕನ್ನಡಕ ಒರೆಸುತ್ತಾ ಕೂತಿದ್ದರು. ಅವಸರದಲ್ಲೂ ಮೂರು ಸಲ ಕರೆದೆ, ಅವರು ಓ ಅಂದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ.

'ಎಲ್ಲಿಗಾದರೂ ಹೊಂದಬೇಕು ಅಂತ ಬರೆದೆ ತಾಯಿ' ಅಂದರು. 'ಯಾವ ಯಂತ್ರಕ್ಕಾದರೂ, ಎಲ್ಲಿಗಾದರೂ. ಹೊಂದಿಕೊಂಡಿತು. ಅಲ್ಲಿಗೂ ಹೊಂದಿಕೊಂಡಿತು.'

'ನಿಮಗೆ ಗೊತ್ತಿತ್ತಾ ಮೇಷ್ಟ್ರೇ, ಒಂದು ಕೂಗು ಬಿದ್ದು ಹೋಗುತ್ತೆ ಅಂತ?'

ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ಅವರ ಹೆಂಡತಿ ನೀಲಮ್ಮನವರು ಓ ಕೊಟ್ಟವರಾಗಿದ್ದರು, ಒಂಬತ್ತು ವರ್ಷ ಮೌನವಾಗಿ ಬದುಕಿ ಜ್ವರದಲ್ಲಿ ತೀರಿಕೊಂಡಿದ್ದರು. ಅಷ್ಟು ಊರಿಗೆಲ್ಲ ಗೊತ್ತಿತ್ತು.

'ಬೆಂಕಿ ಇಟ್ಟು ಮೂರು ಸಲ ಕರೆದೆ' ಅಂದರು ಮೇಷ್ಟ್ರು. 'ಬೆನ್ನು ತಿರುಗಿಸಿ ನಾಲ್ಕನೇ ಸಲ ಕರೆದೆ. ಹಿಂದಿನಿಂದ ಓ ಅಂದಳು.'

ನಾನು ಜಗಲಿಯ ಅಂಚು ಹಿಡಿದು ಕೂತೆ.

'ಅವಳ ದನೀನೇ. ಒಂಬತ್ತು ವರ್ಷ ಆದ ಮೇಲೆ ಕೇಳಿದ್ದು, ತಪ್ಪೋಕೆ ಸಾಧ್ಯವೇ ಇಲ್ಲ. ನಮ್ಮಣ್ಣ ನನ್ನ ಹೆಗಲು ಹಿಡಿದು, ತಿರುಗಬೇಡ, ನಡೆ ಅಂದ. ನಡೆದೆ. ಮನೆಗೆ ಬಂದು ಸ್ನಾನ ಮಾಡಿದೆ.' ಕನ್ನಡಕವನ್ನು ಮತ್ತೆ ಒರೆಸುತ್ತಾ ಹೇಳಿದರು, 'ಆಮೇಲೆ ಈ ಲೈಬ್ರರಿ ಬರೆದೆ. ಕರೆಯುವುದು ನಾಲ್ಕು ಸಲ ಅಂತ ಬರೆಯಬೇಕಾಗಿತ್ತು. ಮೂರು ಅಂತ ಬರೆದೆ. ನಾಲ್ಕು ಅಂತ ಬರೆದರೆ ಅವಳ ಓ ನಾನು ಕೇಳಿಸಿಕೊಂಡೆ ಅಂತ ಒಪ್ಪಿಕೊಂಡ ಹಾಗೆ ಆಗುತ್ತಿತ್ತು.'

ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಈ ಮನುಷ್ಯ ಬಾಯಿ ಬಿಟ್ಟಿದ್ದರೆ ನನ್ನ ಆರು ವರ್ಷ ಉಳಿಯುತ್ತಿತ್ತು. ಅವರ ಮುಖ ನೋಡಿದ ಮೇಲೆ ಬಯ್ಯಲು ಮನಸ್ಸಾಗಲಿಲ್ಲ. 'ಕರೆಯಲಾ ಮೇಷ್ಟ್ರೇ?' ಅಂತ ಕೇಳಿದೆ.

'ಓ ಅಂದವರು ಕರೆದವರ ಕಡೆ ಬರ್ತಾರೆ' ಅಂದರು. 'ಕರೆದು ಓಡಿಹೋಗಬೇಡ. ಅಷ್ಟು ನೋಡಿಕೋ.'

ಪಂಪ್‌ಹೌಸಿಗೆ ವಾಪಸ್ ಓಡಿದೆ. ಎರಡೂವರೆ ಆಗಿತ್ತು. ದೂರದಲ್ಲಿ ಪ್ರಭಂಜನ ಸಾಹೇಬರ ಜೀಪು ಪುರಸಭೆಯಿಂದ ಹೊರಡುವುದು ಕಾಣುತ್ತಿತ್ತು. ಅಳಿಸಿದರೆ ಟ್ಯಾಂಕೂ ಹೋಯಿತು, ಅದು ಹಿಡಿದಿರುವ ತುದಿಯೂ ಹೋಯಿತು. ಅಂಕಿಯನ್ನು ಮತ್ತೆ ಮೂರು ಮಾಡಿದರೂ ಆ ತುದಿ ತಪ್ಪುತ್ತದೆ, ಆದರೆ ಊರಿಗೆ ನೀರು ಬರುತ್ತದೆ. ಹೇಗಾದರೂ ಇದು ಕೊನೆಯ ಮಾತು. ಕೈ ಓಡದೆ ಅಕ್ಷರ ತಪ್ಪಿ ತಪ್ಪಿ ಬರೆದೆ: 'ಇವತ್ತು ಮನೆಗೆ ಹೋಗಿ ಕರೀತೀನಿ. ಮೂರನೆಯದು ನಿನಗೆ ಕೇಳುತ್ತೆ. ಓ ಅನ್ನು. ನಾನೇ ಅದು.'

'ನೀನೇ ಅಂತ ಹೇಗೆ ನಂಬಲಿ?' ಅಂತ ಬಂತು.

ನಾನು ಕೇಳಬೇಕೆಂದಿದ್ದ ಪ್ರಶ್ನೆಯೇ ಅದು. ಅಳು ನಗು ಎರಡೂ ಒಟ್ಟಿಗೆ ಬಂದವು. 'ನಂಬಬೇಡ. ಮೂರು ಎಣಿಸು' ಅಂತ ಬರೆದೆ. ಆಮೇಲೆ ಒಂದು ಅನ್ನುವ ಅಂಕಿ ಅಳಿಸಿ, ಮೂರು ಒತ್ತಿ, ಯಂತ್ರ ಆರಿಸಿ ಹಚ್ಚಿದೆ. ಕರೆಂಟಿನ ಸ್ಟೇಷನ್ನು ಮೂರು ಸಲ ಕರೆಯಿತು. ಟ್ಯಾಂಕು ಓ ಅಂದಿತು. ಕಾಲ ಕೆಳಗೆ ಪೈಪುಗಳಲ್ಲಿ ನೀರು ನುಗ್ಗುವ ಸದ್ದು ಬಂತು. ಜೀಪಿನಿಂದ ಇಳಿದ ಪ್ರಭಂಜನ ಸಾಹೇಬರು, 'ಏನಮ್ಮ ಮಾಡಿದಿರಿ?' ಅಂತ ಕೇಳುತ್ತಿದ್ದರು. ಊರಿನ ರೀತಿಗೆ ಬಿಟ್ಟೆ ಸಾರ್ ಅಂತ ಹೇಳಿ ಅವರನ್ನು ದಾಟಿಕೊಂಡು ಹೋದೆ.

ಬೀದಿಯಲ್ಲಿ ನಲ್ಲಿಗಳೆಲ್ಲ ಹರಿಯುತ್ತಿದ್ದವು. ಹೆಂಗಸರು ಕೊಡ ತುಂಬುವ ಗಲಾಟೆಯಲ್ಲಿದ್ದರು. ನಾನು ಮನೆಯ ಬಾಗಿಲು ತೆರೆದು, ಪಡಸಾಲೆಯಲ್ಲಿ ಕುರ್ಚಿಯ ಎದುರು ನೆಲದ ಮೇಲೆ ಕೂತೆ. ಅವನು ದಿನದ ಹಾಗೆಯೇ ಗೋಡೆ ನೋಡುತ್ತಿದ್ದ. ಅವನ ಮಂಡಿಯ ಮೇಲೆ ಕೈ ಇಟ್ಟೆ. ಹಾಲೇಶಾ, ಅಂದೆ. ಹಾಲೇಶಾ, ಅಂದೆ. ಮೂರನೆಯ ಸಲವೂ ಅಂದೆ. ಆರು ವರ್ಷದ ಅಭ್ಯಾಸ. ನಾಲಗೆ ತಾನಾಗಿ ಅಲ್ಲಿಗೆ ನಿಂತಿತು.

ನಾಲ್ಕನೆಯದಕ್ಕೆ ಬಾಯಿ ತೆರೆಯಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಭಯ, ಅಷ್ಟೇ. ಓ ಬರದಿದ್ದರೆ ಅನ್ನುವ ಭಯ, ಬಂದರೆ ಅನ್ನುವ ಭಯ. ಬಂದರೆ ಯಾರದು ಅನ್ನುವುದು ಎಲ್ಲಕ್ಕಿಂತ ದೊಡ್ಡದು. ಆದರೂ ಒಂದು ನಿಶ್ಚಯ ಮಾಡಿಕೊಂಡೆ, ಏನೇ ಬರಲಿ ಎದುರಿಗೇ ಕೂತಿರುತ್ತೇನೆ ಅಂತ. ಮಂಡಿಯನ್ನು ಗಟ್ಟಿಯಾಗಿ ಹಿಡಿದು, ಅವನ ಕಣ್ಣನ್ನೇ ನೋಡುತ್ತಾ ಕರೆದೆ.

'ಹಾಲೇಶಾ.'

ಹೊರಗೆ ಕೊಡಗಳ ಸದ್ದು ನಿಂತಿತು. ಬಾಗಿಲು ತೆರೆದೇ ಇತ್ತಲ್ಲ, ಕೇಳಿಸಿರಬೇಕು, ಯಾರೋ 'ಅಯ್ಯೋ, ನಾಲ್ಕು ಅಂದಳು' ಅಂದರು. ಕುರ್ಚಿಯಲ್ಲಿ ಅವನ ತುಟಿ ಅಂಟಿಕೊಂಡಿತ್ತು. ಅದು ಬಿಡಿಸಿಕೊಳ್ಳುವುದನ್ನು ನೋಡಿದೆ.

'ಓ' ಅಂದ.

ದನಿ ತುಕ್ಕು ಹಿಡಿದ ವಾಲ್ವಿನ ಹಾಗಿತ್ತು. ಕಣ್ಣು ಗೋಡೆ ಬಿಟ್ಟು ನನ್ನ ಮೇಲೆ ಬಂತು, ತಲೆಯಿಂದ ಕಾಲಿನವರೆಗೆ ನೋಡಿದ. 'ನೀನು ಕೆಳಗೆ ಕೂತಿದೀಯಲ್ಲೇ' ಅಂದ. 'ಈಗ ತಾನೆ ಕುರ್ಚೀಲಿದ್ದೆ.' ನಾನು ಅವನ ಮಡಿಲಲ್ಲಿ ಮುಖ ಇಟ್ಟು ಅತ್ತೆ. ಅವನು ತಲೆ ಸವರಿದ. ಸವರುವ ಕೈ ಅವನದೇ, ಅದರಲ್ಲಿ ಅನುಮಾನವಿಲ್ಲ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಸಂಜೆ ಮಜ್ಜಿಗೆ ಕೇಳಿ ಕುಡಿದ, ಏಳನೇ ವಾಲ್ವಿನ ವಾಷರ್ ಬಗ್ಗೆ ಹೇಳಿದ. ಮಧ್ಯದಲ್ಲಿ ಒಂದೆರಡು ಸಲ ಆ ಖಾಲಿ ಕುರ್ಚಿಯನ್ನು ತಿರುಗಿ ತಿರುಗಿ ನೋಡಿದ. ಅವನೇನು ಯೋಚಿಸುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು. ಅಲ್ಲಿ ಕೂತಿರುವ ಆ ಕಾತಿಗೆ ಇನ್ನು ಮೇಲೆ ಅನ್ನ ಕಲಸಿ ಕೊಡುವವರು ಯಾರು? ಇಬ್ಬರೂ ಆ ಮಾತು ಎತ್ತಲಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಬೀದಿ ಬೀದಿಯಲ್ಲಿ ಬಾಗಿಲು ಹಾಕಿಕೊಂಡು ಜನ ನಾಲ್ಕು ಸಲ ಕರೆಯುತ್ತ ಕೂತಿದ್ದರು. ಒಂದು ಮನೆಯಿಂದ ಓ ಕೇಳುತ್ತಿತ್ತು, ಆಮೇಲೆ ಅಳು. ಇನ್ನೊಂದು ಮನೆಯಿಂದ ಬರೀ ಅಳು. ಹಾಲೇಶ ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಹೊರಗಿನಿಂದ ಯಾರೋ ಮೂರು ಸಲ ನನ್ನನ್ನು ಕರೆದರು. ಓ ಅಂತ ಹೊರಗೆ ಬಂದೆ. ಮೆಟ್ಟಿಲ ಕೆಳಗೆ ಮರುಳಯ್ಯ ಮೇಷ್ಟ್ರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಒಗೆದ ಪಂಚೆ, ಹಣೆಗೆ ವಿಭೂತಿ. ನೆಂಟರ ಮನೆಗೆ ಹೊರಟವರ ಹಾಗಿದ್ದರು.

'ಕಾತ್ಯಾಯಿನಿ' ಅಂದರು, 'ನಿನ್ನ ಗಂಡನ್ನ ಒಂದು ಮಾತು ಕೇಳಬೇಕಮ್ಮ. ಅವನು ಅಲ್ಲಿದ್ದು ಬಂದವನು. ಕೂತವರನ್ನ ನಾಲ್ಕು ಸಲ ಕರೆದರೆ ಆಯ್ತು. ಬೂದಿಯಾದವರನ್ನ ಎಷ್ಟು ಸಲ ಕರೀಬೇಕು?'

ಅಷ್ಟರಲ್ಲಿ ಹಾಲೇಶನೇ ಎದ್ದು ಬಂದು ನನ್ನ ಹಿಂದೆ ಬಾಗಿಲಲ್ಲಿ ನಿಂತ. ಮೇಷ್ಟ್ರನ್ನು ನೋಡಿದ. ಅವನ ಮುಖದಲ್ಲಿ ಎಂಥ ಕನಿಕರ ಇತ್ತೆಂದರೆ, ಹಾಗೆ ನೋಡಬೇಡ ಅಂತ ಕಣ್ಣು ಮುಚ್ಚಿಸೋಣ ಅನ್ನಿಸಿತು.

'ಕರೀಬೇಡಿ ಮೇಷ್ಟ್ರೇ' ಅಂದ ಮೆಲ್ಲಗೆ. 'ನಿಮ್ಮನೆ ಅಮ್ಮಾವ್ರು ಅವತ್ತು ಚಿತೆಯಿಂದ ಓ ಅಂದವರು ಇನ್ನೂ ನಿಲ್ಲಿಸಿಲ್ಲ. ನಾನು ದಿನಾ ಕೇಳ್ತಿದ್ದೆ. ಒಂದೇ ಸಮ ಓ, ಓ ಅಂತಾನೇ ಇದಾರೆ.'

ಮೇಷ್ಟ್ರು ಮೆಟ್ಟಿಲ ಮೇಲೆ ಕೂತುಕೊಂಡರು. ಒಳಗೆ ಹೋಗಿ ನೀರು ತಂದುಕೊಟ್ಟೆ, ಚೊಂಬು ಹಿಡಿದುಕೊಂಡರು, ಕುಡಿಯಲಿಲ್ಲ.